ತೆನೆ ಹಿಡಿದ ಕೈ

ಕೊಟ್ಟಿಗೆಹಾರದಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ನೀರುದೋಸೆ ಹೋಟೆಲಿನಲ್ಲಿ ನಮ್ಮೂರ ಕಡೆಯವರೊಬ್ಬರು ಸಿಕ್ಕಿದರು. ‘ಎಲ್ಲಿಗೆ ಮೇಷ್ಟ್ರೇ, ಕೆಳಗಾ?’ ಎಂದರು. ಘಟ್ಟದ ಮೇಲಿನ ನಮಗೆ ಮಂಗಳೂರು ಎಂದರೆ ಕೆಳಗೆ. ‘ತಂಗಿ ಮನೆಗೆ’ ಎಂದೆ. ಅವರು ಏನೋ ಕೇಳಲು ಹೊರಟು, ನುಂಗಿಕೊಂಡು, ದೋಸೆಗೆ ಇನ್ನೊಂದಿಷ್ಟು ಚಟ್ನಿ ಹಾಕಿಸಿಕೊಂಡರು. ಅವರು ಕೇಳದೆ ಬಿಟ್ಟದ್ದು ನನಗೆ ಬಾಯಿಪಾಠವಾಗಿತ್ತು. ನಾಲ್ಕು ವರ್ಷದಿಂದ ಮದುವೆ ಮನೆಗಳಲ್ಲಿ, ತಿಥಿಯ ಪಂಕ್ತಿಗಳಲ್ಲಿ, ಕಾಫಿ ಒಣಗಿಸುವ ಕಣಗಳ ಪಕ್ಕದಲ್ಲಿ ಅದನ್ನು ಕೇಳಿಸಿಕೊಂಡಿದ್ದೇನೆ: ಅವಳು ಯಾಕೆ ಹೋದಳು?

ನಮ್ಮ ಕಡೆ ಹೆಣ್ಣುಮಗಳು ಗಂಡನ ಮನೆ ಸೇರಿದರೂ ‘ಹೋದಳು’, ತೀರಿಕೊಂಡರೂ ‘ಹೋದಳು’. ನನ್ನ ತಂಗಿ ಕ್ರಿಸ್ತನನ್ನು ನಂಬಿ ಜ್ಞಾನಸ್ನಾನ ಪಡೆದಾಗಲೂ ಊರು ಅದೇ ಮಾತು ಹೇಳಿತು. ಯಾಕೆ ಎಂಬುದಕ್ಕೆ ಊರಿನ ಹತ್ತಿರ ಉತ್ತರಗಳು ಸಿದ್ಧವಾಗಿದ್ದವು. ದುಡ್ಡು ಕೊಟ್ಟಿರುತ್ತಾರೆ. ಮಗನ ಫೀಸು ಕಟ್ಟಿರುತ್ತಾರೆ. ಗಂಡ ಸತ್ತ ಹೆಂಗಸು, ತಲೆ ಕೆಡಿಸಿದ್ದಾರೆ. ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದ ನಾನು ಇವುಗಳಿಗಿಂತ ಮೇಲಿನ ಮಾತು ಆಡಬೇಕಿತ್ತು, ಆಡಲಿಲ್ಲ. ಸುದ್ದಿ ತಿಳಿದ ದಿನ ಫೋನಿನಲ್ಲಿ ಅವಳನ್ನು ನಾನು ಕೇಳಿದ ಮೊದಲ ಮಾತೇ, ‘ಎಷ್ಟು ಕೊಟ್ರು?’

ಅವಳು ಫೋನ್ ಇಟ್ಟಳು. ಆಮೇಲೆ ಇಬ್ಬರೂ ಎತ್ತಲಿಲ್ಲ. ಈ ಡಿಸೆಂಬರಿನಲ್ಲಿ ಒಂದು ಸಂದೇಶ ಬಂತು: ‘ಅಣ್ಣಯ್ಯ, ಜನವರಿ ಕೊನೆಗೆ ಅತ್ತೂರು ಜಾತ್ರೆ. ಬರ್ತೀಯಾ?’ ಎರಡು ದಿನ ಅದನ್ನು ತೆಗೆದು ತೆಗೆದು ಓದಿದೆ. ಮೂರನೆಯ ದಿನ ‘ಬರ್ತೀನಿ’ ಎಂದು ಬರೆದೆ.

ಚಾರ್ಮಾಡಿಯ ತಿರುವುಗಳಲ್ಲಿ ಬಸ್ಸು ಇಳಿಯುತ್ತ ಇಳಿಯುತ್ತ ಸ್ವೆಟರು ಬೇಡವಾಯಿತು, ಉಜಿರೆ ದಾಟಿದ ಮೇಲೆ ಅಂಗಿಯ ಮೇಲಿನ ಗುಂಡಿಯೂ ಬೇಡವಾಯಿತು. ಮಂಗಳೂರಿನ ಬಸ್ ನಿಲ್ದಾಣದಲ್ಲಿ ಅವಳು ಕಂಬಕ್ಕೆ ಒರಗಿ ನಿಂತಿದ್ದಳು. ಕೂದಲು ಸಾಕಷ್ಟು ಬೆಳ್ಳಗಾಗಿತ್ತು. ಆದರೆ ನನ್ನ ಕಣ್ಣು ನಿಂತದ್ದು ಆ ಕೂದಲಿನಲ್ಲಿದ್ದ ಮಲ್ಲಿಗೆಯ ಮೇಲೆ. ಹನ್ನೆರಡು ವರ್ಷದ ಹಿಂದೆ ಭಾವ ಲಾರಿ ಅಪಘಾತದಲ್ಲಿ ಹೋದ ಮೇಲೆ ಆ ತಲೆಯಲ್ಲಿ ನಾನು ಹೂವು ಕಂಡಿರಲಿಲ್ಲ. ನಾನು ನೋಡಿದ್ದನ್ನು ಅವಳು ನೋಡಿದಳು. ‘ಶಂಕರಪುರದ್ದು. ಇಲ್ಲಿ ಹಬ್ಬದ ಹೊತ್ತಿಗೆ ಅಟ್ಟೆಗೆ ಬೆಂಕಿ ಬೆಲೆ ಅಣ್ಣಯ್ಯ’ ಎಂದಷ್ಟೇ ಹೇಳಿ ನನ್ನ ಚೀಲ ಕಸಿದುಕೊಂಡಳು. ಶಂಕರಪುರದ ಸುತ್ತಮುತ್ತ ಈ ಮಲ್ಲಿಗೆ ಬೆಳೆದು ಬದುಕುವವರಲ್ಲಿ ಕ್ರೈಸ್ತ ಮನೆಗಳು ಬಹಳ. ಬೆಳಿಗ್ಗೆ ಅವರ ಅಂಗಳದಲ್ಲಿ ಕೊಯ್ದ ಮೊಗ್ಗು ಮಧ್ಯಾಹ್ನಕ್ಕೆ ಉಡುಪಿ, ಮಂಗಳೂರಿನ ದೇವಸ್ಥಾನಗಳ ಬಾಗಿಲಲ್ಲಿ ಚೆಂಡಾಗಿ ಕೂತಿರುತ್ತದೆ.

ಮರುದಿನ ಅವಳಿಗೆ, ತಾನಿರುವ ಸಿಸ್ಟರುಗಳ ಹಾಸ್ಟೆಲಿನಲ್ಲಿ, ಮಧ್ಯಾಹ್ನದವರೆಗೆ ಅಡುಗೆಮನೆ ಕೆಲಸ. ನಾನೊಬ್ಬನೇ ಬಲ್ಮಠದ ಗುಡ್ಡ ಹತ್ತಿದೆ. ಬಾಸೆಲ್ ಮಿಷನ್ ನೆಲೆಯೂರಿದ ಆ ಗುಡ್ಡ ಕನ್ನಡ ಓದಿದವನಿಗೆ ಯಾತ್ರಾಸ್ಥಳವೇ. 1834ರ ಅಕ್ಟೋಬರ್ ಕೊನೆಯಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನವರು ಮಂಗಳೂರಿನ ದಡದಲ್ಲಿ ಇಳಿದರು. ಎರಡು ವರ್ಷಕ್ಕೆ ಹರ್ಮನ್ ಮೊಗ್ಲಿಂಗ್ ಬಂದ. 1843ರ ಜುಲೈ 1ರಂದು ಅವನು ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. 1853ರಲ್ಲಿ ಬಂದ ಕಿಟ್ಟೆಲ್ ನಲವತ್ತು ವರ್ಷದ ದುಡಿಮೆಯ ನಂತರ, 1894ರಲ್ಲಿ, ಸುಮಾರು 70,000 ಪದಗಳ ಕೋಶವನ್ನು ಇಲ್ಲಿನ ಅಚ್ಚುಕೂಟದಲ್ಲೇ ಮುದ್ರಿಸಿ ನಮ್ಮ ಕೈಗಿಟ್ಟ. ನನ್ನ ಮೇಜಿನ ಮೇಲೆ ಅದರ ಮರುಮುದ್ರಣ ಸೇವೆಯಿದ್ದಷ್ಟು ಕಾಲವೂ ಇತ್ತು. ಗಾದೆಗೆ, ಗಿಡಮರದ ಹೆಸರಿಗೆ, ಹಳ್ಳಿಯ ಬೈಗುಳಕ್ಕೆ ಕೂಡ ಅದನ್ನು ಬಿಡಿಸಿದ್ದೇನೆ. ಅದನ್ನು ಬರೆದವನು ಯಾವ ನಂಬಿಕೆಯಿಂದ ಅಷ್ಟು ದೂರ ಬಂದ ಎಂದು ಒಮ್ಮೆಯೂ ಯೋಚಿಸಿದವನಲ್ಲ.

ಆ ಗುಡ್ಡದ ಮೇಲೆ ಮರದ ನೆರಳಲ್ಲಿ ಕೂತಾಗ ಮನಸ್ಸು ಹಿಡಿದುಕೊಂಡದ್ದು ಕಿಟ್ಟೆಲನನ್ನಲ್ಲ, ಹದಿನೆಂಟು ಹತ್ತೊಂಬತ್ತರ ಒಬ್ಬ ಹುಡುಗನನ್ನು. ಆನಂದರಾವ್ ಕೌಂಡಿನ್ಯ, ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯವನು, ಮೊಗ್ಲಿಂಗನ ಶಾಲೆಯ ವಿದ್ಯಾರ್ಥಿ. 1844ರ ಜನವರಿ 6ರಂದು ಅವನೂ ಇನ್ನಿಬ್ಬರು ಬ್ರಾಹ್ಮಣ ಯುವಕರೂ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗಲಭೆಯೆದ್ದಿತು. ಮನೆ ಹೋಯಿತು, ಜಾತಿ ಹೋಯಿತು, ಕೈಹಿಡಿದಿದ್ದ ಹುಡುಗಿ ಜೊತೆಗೆ ಬರಲಿಲ್ಲ. ಅವನು ಗುರುವಿನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದ. ಮೊಗ್ಲಿಂಗನ ಜೊತೆ ಹಡಗು ಹತ್ತಿ ಬಾಸೆಲ್ಲಿಗೆ ಹೋಗಿ, ಓದಿ, 1851ರಲ್ಲಿ ಪಾದ್ರಿಯಾಗಿ ತಿರುಗಿ ಬಂದು, 1893ರಲ್ಲಿ ತೀರಿಕೊಳ್ಳುವವರೆಗೆ ಇದೇ ನೆಲದಲ್ಲಿ ದುಡಿದ.

ಈ ಹುಡುಗನ ಮುಂದೆ ನಮ್ಮೂರಿನ ಮೂರೂ ಉತ್ತರಗಳನ್ನು ಇಟ್ಟು ನೋಡಿದೆ. ದುಡ್ಡು? ಇದ್ದದ್ದನ್ನು ಬಿಟ್ಟು ಬಂದವನು. ಓದು? ಅದು ಶಾಲೆಯಲ್ಲಿ ಹೇಗೂ ಸಿಗುತ್ತಿತ್ತು, ಅದೇ ಶಾಲೆಯಲ್ಲಿ ಓದಿ ಮನೆಗೆ ಮರಳಿದವರೇ ಹೆಚ್ಚು. ತಲೆಕೆಟ್ಟಿತೇ? ಅರ್ಧ ಶತಮಾನ ನಿಂತ ನಿಲುವನ್ನು ತಲೆಕೆಟ್ಟದ್ದು ಎನ್ನುವುದಾದರೆ ನಾವು ಯಾರ ನಿಷ್ಠೆಯನ್ನೂ ನಂಬುವಂತಿಲ್ಲ.

ಕೌಂಡಿನ್ಯ ಒಬ್ಬ ಬ್ರಾಹ್ಮಣ. ಹೆಚ್ಚು ಜನ ಬಂದದ್ದು ಬೇರೆ ಕಡೆಯಿಂದ, ಅದರಲ್ಲೂ ಬಿಲ್ಲವರಿಂದ. ಅವರ ಮೂರ್ತೆ ಕಸುಬನ್ನು, ಅಂದರೆ ಕಳ್ಳಿಳಿಸುವುದನ್ನು, ಮಿಷನ್ ಒಪ್ಪಲಿಲ್ಲ. ಹೊಸ ನಂಬಿಕೆಗೆ ಬಂದ ದಿನವೇ ಹೊಟ್ಟೆಪಾಡು ನಿಂತಂತೆ. ಒಕ್ಕಲಾಗಿದ್ದವರನ್ನು ಧಣಿಗಳು ಬಿಡಿಸಿದರು, ನೆಂಟರು ಬಾಗಿಲು ಹಾಕಿಕೊಂಡರು. ಹಾಗೆ ಬೀದಿಗೆ ಬಿದ್ದವರಿಗೆ ಕೆಲಸ ಬೇಕೆಂದೇ ಮಿಷನ್ನಿನವರು ಮಗ್ಗ ಹೂಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬಾತ ಹೆಂಚಿನ ಕಾರ್ಖಾನೆ ಶುರುಮಾಡಿದ. ಕೆಲಸದ ಆಸೆಗೆ ಬಂದರು ಎನ್ನುತ್ತೇವೆ. ಇಲ್ಲಿ ಕೆಲಸ ಕಳೆದುಕೊಂಡದ್ದು ಮೊದಲು, ಕಾರ್ಖಾನೆ ಆಮೇಲೆ. ನಂತರದ ವರ್ಷಗಳಲ್ಲಿ ಆ ಕೂಲಿ, ಆ ಶಾಲೆ, ಆ ಔಷಧಿಗಳನ್ನು ನೋಡಿ ಬಂದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಹಸಿದಾಗ ಉಣಬಡಿಸಿದವನ ದೇವರ ಹೆಸರು ಕೇಳುವುದರಲ್ಲಿ ನಾಚಿಕೆಯ ಮಾತೇನಿದೆ? ನಮ್ಮ ಮಠಗಳ ದಾಸೋಹದಲ್ಲಿ ಉಂಡು, ಓದಿ, ಭಕ್ತರಾದವರನ್ನು ನಾವು ಅನ್ನಕ್ಕಾಗಿ ಭಕ್ತರಾದರು ಎನ್ನುವುದಿಲ್ಲ.

ಮೂಡಿಗೆರೆ ಕಡೆಯ ನಮ್ಮ ಹಳೆಯ ಮನೆಗೆ ಹೊದೆಸಿದ್ದು ಅದೇ ಹೆಂಚು. ಅಟ್ಟದಲ್ಲಿ ಮಲಗಿದರೆ ಒಳಮೈಯಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ನಾನು ನಾಲ್ಕನೆಯ ಕ್ಲಾಸಿನಲ್ಲೋ ಐದನೆಯದರಲ್ಲೋ ಇದ್ದಾಗ ತಂಗಿಗೆ ಅವನ್ನು ಕೂಡಿಸಿ ಓದಿಸಿದ್ದೆ: ಬಾಸೆಲ್ ಮಿಷನ್. ‘ಹಂಗಂದ್ರೆ ಏನು ಅಣ್ಣಯ್ಯ?’ ಎಂದಿದ್ದಳು. ‘ಹೆಂಚು ಮಾಡೋರ ಹೆಸರು’ ಎಂದಿದ್ದೆ. ಊರಿನಿಂದ ಹೊರದಬ್ಬಿಸಿಕೊಂಡವರ ಕೈಗಳು ತುಳಿದ ಮಣ್ಣಿನ ಕೆಳಗೆ ನಾವು ಮಳೆಗಾಲಗಳನ್ನು ಬೆಚ್ಚಗೆ ಕಳೆದಿದ್ದೆವು.

ಇನ್ನೊಂದು ಮಾತು ಆ ಗುಡ್ಡದ ಮೇಲೆ ಬಿಡಲಾಗದು. ಜನರ ಮನಸ್ಸು ತಿರುಗಿಸಲೆಂದು ಬಂದ ಮೊಗ್ಲಿಂಗ್ ಇಲ್ಲಿನ ದಾಸರ ಪದಗಳನ್ನು, ಜೈಮಿನಿ ಭಾರತವನ್ನು, ಬಸವಪುರಾಣವನ್ನು ಕಲೆಹಾಕಿ ಅಚ್ಚು ಹಾಕಿಸಿದ. ತನ್ನದಲ್ಲದ ಭಕ್ತಿಯ ಮಾತನ್ನು ಅಕ್ಷರ ಅಕ್ಷರ ತಿದ್ದುತ್ತ ಕೂತ ಆ ರಾತ್ರಿಗಳಲ್ಲಿ ಅವನಿಗೆ ಏನನ್ನಿಸಿರಬಹುದು? ಸೆಳೆತ ಒಂದೇ ದಿಕ್ಕಿಗೆ ಇತ್ತೆಂದು ನನಗೆ ಅನ್ನಿಸುವುದಿಲ್ಲ.

ಸಂಜೆ ತಂಗಿಯ ಕೋಣೆಯ ಹೊರಗಿನ ಜಗಲಿಯಲ್ಲಿ ಕೂತೆವು. ಹಾಸ್ಟೆಲಿನ ಹುಡುಗಿಯರು ಒಬ್ಬೊಬ್ಬರೇ ಬಂದು ‘ಆಂಟಿ, ನಿಮ್ಮ ಅಣ್ಣನಾ?’ ಎಂದು ವಿಚಾರಿಸಿ ಹೋದರು. ಅವಳ ಮಗ ಓದು ಮುಗಿಸಿ ಈಗ ಹೊಸೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನು ಕ್ರೈಸ್ತನಾಗಿಲ್ಲ. ‘ಅವನ ಮನಸ್ಸು ಅವನದ್ದು’ ಎಂದಳು. ಫೀಸಿನ ಮಾತನ್ನು ನಾನು ಎತ್ತದಿದ್ದರೂ ಅವಳೇ ಹೇಳಿದಳು. ಅಷ್ಟೂ ವರ್ಷ ಬ್ಯಾಂಕಿನ ಸಾಲದಲ್ಲೇ ಓದಿಸಿದ್ದಂತೆ, ಕೊನೆಯ ಕಂತು ಹೋದ ತಿಂಗಳು ತೀರಿತಂತೆ. ಹೇಳುವಾಗ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

‘ಹಂಗಾರೆ ಯಾಕೆ?’ ಎಂದೆ ಕೊನೆಗೆ. ‘ಜಗಳಕ್ಕಲ್ಲ. ನಂಗೆ ತಿಳೀಬೇಕು.’

ಅವಳು ತುಂಬ ಹೊತ್ತು ಸುಮ್ಮನಿದ್ದು ಹೇಳಿದ್ದು ಇಷ್ಟು. ಇಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಅವಳು ಚಾಪೆಲ್ಲಿನ ಒಳಗೆ ಕಾಲಿಟ್ಟಿರಲಿಲ್ಲ. ಯಾರೂ ಕರೆದೂ ಇರಲಿಲ್ಲ. ಸೆಪ್ಟೆಂಬರ್ 8 ಇಲ್ಲಿ ಮೊಂತಿ ಹಬ್ಬ, ಕನ್ನಡದಲ್ಲಿ ತೆನೆ ಹಬ್ಬ ಎನ್ನುತ್ತಾರೆ. ಮಾತೆ ಮರಿಯಮ್ಮ ಹುಟ್ಟಿದ ದಿನ. ಒಂಬತ್ತು ದಿನ ಮಕ್ಕಳು ಹೂವು ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೂ ಕೊಡುತ್ತಾರೆ. ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯವರೆಲ್ಲ ಒಟ್ಟಿಗೆ ಕೂತು, ಅಂದು ಮೀನು ಮಾಂಸವಿಲ್ಲದ ಊಟ ಉಣ್ಣುತ್ತಾರೆ. ಆ ವರ್ಷ ತೆನೆಯ ತಟ್ಟೆ ಹಿಡಿದು ಮುಂದೆ ನಡೆಯಬೇಕಾಗಿದ್ದವರಿಗೆ ಜ್ವರ. ಹಿರಿಯ ಸಿಸ್ಟರ್ ಅಡುಗೆಮನೆಗೆ ಬಂದು, ಅಲ್ಲಿದ್ದ ಇವಳ ಕೈಗೆ ತಟ್ಟೆ ಇಟ್ಟು, ‘ನೀವು ಹಿಡೀರಿ, ನೀವೇ ಮುಂದೆ ಹೋಗಿ’ ಎಂದರಂತೆ.

‘ನಾನು ಆಗಲ್ಲ ಸಿಸ್ಟರ್ ಅಂದೆ. ನಾನು ಗಂಡ ಇಲ್ಲದೋಳು ಅಂದೆ. ಅವರಿಗೆ ಅದು ಅರ್ಥವೇ ಆಗಲಿಲ್ಲ ಅಣ್ಣಯ್ಯ. ಅದಕ್ಕೂ ತೆನೆಗೂ ಎಂತ ಸಂಬಂಧ ಅಂತ ಕೇಳಿದ್ರು.’

ನನಗೆ ಸಂಬಂಧ ಗೊತ್ತಿತ್ತು. ನಮ್ಮಲ್ಲಿ ಹೊಸ್ತಿಗೆ ಗದ್ದೆಯಿಂದ ಕದಿರು ಬಂದಾಗ ಹೊಸಿಲಲ್ಲಿ ನಿಂತು ಕಾಲಿಗೆ ನೀರು ಕೊಟ್ಟು, ಆರತಿ ಎತ್ತಿ, ಒಳಗೆ ತರುವವರು ಮುತ್ತೈದೆಯರು. ಭಾವ ಇದ್ದಷ್ಟು ದಿನ ತವರಿಗೆ ಬಂದಾಗೆಲ್ಲ ಅವಳೇ ಅದನ್ನು ಮಾಡುತ್ತಿದ್ದಳು. ಆಮೇಲೆ ಆ ದಿನ ಅವಳು ಹಿತ್ತಿಲ ಕಡೆ ಇರುತ್ತಿದ್ದಳು. ಹೋಗು ಎಂದು ಯಾರೂ ಹೇಳಿದ್ದಲ್ಲ. ಹೇಳಬೇಕಾಗಿಯೇ ಇರಲಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಒಂಬತ್ತು ವರ್ಷದ ಹಿಂದೆ ನನ್ನ ಮಗಳ ಮದುವೆ. ಸೋದರತ್ತೆ ಎಂದರೆ ನಮ್ಮಲ್ಲಿ ಧಾರೆಮಂಟಪದ ಅರ್ಧ ಭಾರ ಹೊರುವವಳು. ಮಗಳನ್ನು ಎತ್ತಿ ಆಡಿಸಿದವಳು, ಜಡೆ ಹಾಕಿದವಳು ಅವಳೇ. ಮುಹೂರ್ತದ ಹೊತ್ತಿಗೆ ನೆಂಟರೊಬ್ಬರು ನನ್ನ ಕಿವಿಯಲ್ಲಿ ಏನೋ ಹೇಳಿದರು. ನಾನು ತಂಗಿಯ ಹತ್ತಿರ ಹೋಗಿ, ‘ಉಗ್ರಾಣದ ಕಡೆ ಸ್ವಲ್ಪ ನೋಡ್ಕೊಳ್ತೀಯಾ? ತೆಂಗಿನಕಾಯಿ ಲೆಕ್ಕ ಸಿಗ್ತಾ ಇಲ್ಲ’ ಎಂದೆ. ಅವಳು ನನ್ನ ಮುಖ ನೋಡಿ, ‘ಸರಿ’ ಎಂದು ಹೋದಳು. ಓಲಗದ ಸದ್ದನ್ನು ಅವಳು ಉಗ್ರಾಣದ ಗೋಡೆಯಾಚೆಯಿಂದ ಕೇಳಿಸಿಕೊಂಡಳು. ಇಷ್ಟು ವರ್ಷ ನಾನು ಅದನ್ನು ಶಾಸ್ತ್ರ ಎಂದುಕೊಂಡಿದ್ದೆ. ನಾನು ಪಾಠ ಹೇಳಿದ ವಚನಕಾರರು ಎಂಟುನೂರು ವರ್ಷಕ್ಕೂ ಮೊದಲೇ ಆ ಸೂತಕಗಳನ್ನು ಕಿತ್ತೆಸೆದಿದ್ದರು. ಪಾಠ ಹೇಳಿದವನ ಮನೆಯಲ್ಲೇ ಅವು ಮತ್ತೆ ಚಿಗುರಿದ್ದವು.

‘ತಟ್ಟೆ ಹಿಡ್ಕೊಂಡು ಮುಂದೆ ನಡೆಯುವಾಗ ಕಾಲು ನಡುಗ್ತಿತ್ತು’ ಎಂದಳು. ‘ಹಿಂದೆ ಅಷ್ಟು ಜನ. ಯಾರೋ ತಡೀತಾರೆ, ಈಗ ತಡೀತಾರೆ ಅಂತ ಬೆನ್ನೆಲ್ಲ ಕಿವಿ ಆಗಿತ್ತು. ಯಾರೂ ತಡೀಲಿಲ್ಲ.’

ನಾನು ನೆಲ ನೋಡುತ್ತ ಕೂತಿದ್ದೆ. ಅಷ್ಟರಲ್ಲಿ ಅವಳು ನನ್ನ ಮೊಣಕೈ ತಟ್ಟಿ ಹೇಳಿದ ಮಾತನ್ನು ಇಲ್ಲಿ ಹಾಗೇ ಬರೆಯಬೇಕು, ಏಕೆಂದರೆ ಅವಳಿಗೆ ನನ್ನ ಬರೆಯುವ ಚಾಳಿ ಗೊತ್ತು. ‘ನೋಡು, ತೆನೆ ಹಿಡಿದಿದ್ದಕ್ಕೇ ಹೋದ್ಲು ಅಂತ ಬರೀಬೇಡ. ನೀವು ಕಳಿಸಿದ್ರಿ, ಇವರು ಕರೆದ್ರು, ಹೋದ್ಲು ಅಂತ ಮಾಡಿಬಿಟ್ರೆ ಅವನು ಎಲ್ಲಿ ಹೋದ? ತೆನೆ ಬಾಗಿಲು ಅಷ್ಟೆ. ಬಾಗಿಲು ನೋಡೋಕೆ ಯಾರೂ ಮನೆಗೆ ಹೋಗಲ್ಲ. ಒಳಗೆ ಅವನಿದ್ದ.’

ಅವನು ಎಂದರೆ ಯೇಸು. ಅವಳು ಆ ಹೆಸರನ್ನು ನನ್ನೆದುರು ಹೇಳಲು ಸಂಕೋಚಪಡುತ್ತಿದ್ದಳು, ಹೊಸದಾಗಿ ಮದುವೆಯಾದವಳು ಗಂಡನ ಹೆಸರು ಹೇಳಲು ಹಿಂಜರಿಯುವ ಹಾಗೆ. ಅವಳನ್ನು ಹಿಡಿದು ನಿಲ್ಲಿಸಿದ್ದು ಶಿಲುಬೆಯೂ ಅಲ್ಲವಂತೆ. ಶಿಲುಬೆ ಕಂಡು ಮೊದಮೊದಲು ಹೆದರಿಕೆಯೇ ಆಗುತ್ತಿತ್ತಂತೆ, ರಕ್ತ ಸುರಿಯುವ ದೇವರನ್ನು ಹೇಗೆ ನೋಡುವುದು ಎಂದು. ಹಿಡಿದದ್ದು ಅದರ ನಂತರದ ಕತೆ. ಸತ್ತವನು ಮೂರನೆಯ ದಿನ ಎದ್ದು ಬಂದ. ಶಿಷ್ಯರಲ್ಲಿ ತೋಮನೆಂಬ ಒಬ್ಬ ನಂಬಲಿಲ್ಲ. ಅವನಿಗೆ ತನ್ನ ಅಂಗೈಯ ತೂತು, ಪಕ್ಕೆಯ ಇರಿತ ಎಲ್ಲ ತೋರಿಸಿದ. ‘ಸಾವನ್ನೇ ಗೆದ್ದು ಬಂದೋನಿಗೆ ಗಾಯ ಮಾಯಿಸೋದು ಕಷ್ಟವಾಗಿತ್ತಾ ಅಣ್ಣಯ್ಯ? ಹಾಗೇ ಇಟ್ಕೊಂಡು ಬಂದ. ಅದನ್ನು ಕೇಳಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.’

ಇದಕ್ಕೆ ನನ್ನ ಹತ್ತಿರ ಮಾತಿರಲಿಲ್ಲ. ನಮ್ಮ ದೇವರುಗಳು ರಾಕ್ಷಸರನ್ನು ಗೆದ್ದವರು. ಕಷ್ಟ ಬಂದಾಗ ಬಲವುಳ್ಳವರನ್ನು ಕರೆಯುವುದು ನನಗೆ ಸಹಜ. ಆದರೆ ಬದುಕು ಒಂದು ಗುರುತು ಹಾಕಿಬಿಟ್ಟವರಿಗೆ, ಆ ಗುರುತು ನೋಡಿದರೆ ಸಾಕು ಜನ ಪಕ್ಕಕ್ಕೆ ಸರಿಯುವಂಥವರಿಗೆ, ತನ್ನ ಗುರುತನ್ನು ಅಳಿಸಿಕೊಳ್ಳದೆ ಮುಂದೆ ಬಂದು ನಿಂತ ದೇವರು ಏನಾಗಿ ಕಾಣಬಹುದೆಂದು ಆ ಜಗಲಿಯಲ್ಲಿ ಮೊದಲ ಸಲ ಅಂದಾಜಾಯಿತು. ನಾನು ಅವಳ ನಂಬಿಕೆಯ ಒಳಗೆ ಹೋಗಲಾರೆ. ನನಗೆ ಕಾಣುವುದು ಬಾಗಿಲಿನವರೆಗೆ. ಹೊರಗಿನವರಾದ ನಾವು ಬರೆಯುವ ಕಾರಣಗಳೆಲ್ಲ, ಬಡತನ, ಜಾತಿ, ಆಸ್ಪತ್ರೆ, ಶಾಲೆ ಎಲ್ಲವೂ ಬಾಗಿಲಿನವು. ಅವು ಸುಳ್ಳಲ್ಲ. ಆದರೆ ಒಂದೇ ಬಾಗಿಲ ಮುಂದೆ ನಿಂತ ಹತ್ತು ಜನರಲ್ಲಿ ಒಬ್ಬರು ಮಾತ್ರ ಯಾಕೆ ಒಳಗೆ ಹೋಗುತ್ತಾರೆ ಎಂಬುದನ್ನು ಅವು ಹೇಳುವುದಿಲ್ಲ.

ಜ್ಞಾನಸ್ನಾನ ಕೊಡಿ ಎಂದು ಅವಳೇ ಹೋಗಿ ಕೇಳಿದಾಗ ಅಲ್ಲಿನ ಗುರುಗಳು ಆತುರ ಬೇಡ ಎಂದು ವಾಪಸು ಕಳಿಸಿದರಂತೆ. ಒಂದೂವರೆ ವರ್ಷ ಪಾಠ ಕೇಳಿ, ಪಾಸ್ಕ ಹಬ್ಬದ ಜಾಗರಣೆಯ ರಾತ್ರಿ ತಲೆಯ ಮೇಲೆ ನೀರು ಹಾಕಿಸಿಕೊಂಡಳು. ‘ಇಲ್ಲಿ ಎಲ್ಲಾ ಸ್ವರ್ಗ ಅಂತಲೂ ತಿಳ್ಕೋಬೇಡ’ ಎಂದಳು. ಕರಾವಳಿಯ ಹಳೆಯ ಕ್ರೈಸ್ತರಲ್ಲಿ ಬಾಮಣ, ಚಾರೋಡಿ, ಶುದಿರ ಎಂಬ ಭೇದಗಳು ಮದುವೆಯ ಮಾತು ಬಂದಾಗ ಇವತ್ತಿಗೂ ತಲೆಯೆತ್ತುತ್ತವೆ. ಹೊಸದಾಗಿ ಬಂದ ಇವಳಿಗೆ ‘ನಿಮ್ಮದು ಯಾವ ಮನೆತನ?’ ಎಂಬ ಪ್ರಶ್ನೆ ಪೂಜೆ ಮುಗಿದು ಹೊರಬಂದ ಮೆಟ್ಟಿಲ ಮೇಲೇ ಎದುರಾಗಿದೆ. ‘ಆಗ ಏನು ಹೇಳ್ತೀ?’ ಎಂದೆ. ‘ಮೂಡಿಗೆರೆ ಕಡೆ ಅಂತೀನಿ’ ಎಂದು ನಕ್ಕಳು. ಅವಳ ನಗು ನಮ್ಮ ಅಮ್ಮನದು.

ಅತ್ತೂರಿಗೆ ಹೊರಟದ್ದು ಜಾತ್ರೆಯ ಮೂರನೆಯ ದಿನ. ಮೂಡುಬಿದಿರೆಯ ಮೇಲೆ ಕಾರ್ಕಳದ ಬಸ್ಸು. ಕಿಟಕಿಯಾಚೆ ಅಡಕೆ ತೋಟ, ಕೆಂಪು ದರೆ, ನಡುನಡುವೆ ಬಿಳಿ ಇಗರ್ಜಿಗಳ ಗೋಪುರ. 1784ರ ವಿಭೂತಿ ಬುಧವಾರದಂದು ಟಿಪ್ಪುವಿನ ಸೈನಿಕರು ಈ ಸೀಮೆಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಹೊಡೆದುಕೊಂಡು ಹೋದರು. ಬ್ರಿಟಿಷರೊಂದಿಗೆ ಸೇರಿದ್ದಾರೆಂಬುದು ಆರೋಪ. ಸಾವಿರಾರು ಜನ, ಮಕ್ಕಳು ಮುದುಕರೂ ಸೇರಿ, ಘಟ್ಟ ಹತ್ತಿದರು. ದಾರಿಯಲ್ಲಿ, ಸೆರೆಯಲ್ಲಿ ಎಷ್ಟೋ ಮಂದಿ ಸತ್ತರು. ಇಗರ್ಜಿಗಳು ನೆಲಸಮವಾದವು, ಅತ್ತೂರಿನದೂ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ನಡೆದು ಬಂದು, ಹೆಸರೂ ಉಳಿಯದ ಹೊಲಗಳಲ್ಲಿ ಮತ್ತೆ ಉತ್ತರು, ಮತ್ತೆ ಗೋಡೆ ಎಬ್ಬಿಸಿದರು. ನನ್ನನ್ನು ಕಾಡಿದ್ದು ಆ ಹದಿನೈದು ವರ್ಷ. ಗುಡಿಯಿಲ್ಲ, ಗ್ರಂಥವಿಲ್ಲ, ಹೊಸ ತಲೆಮಾರು ಸೆರೆಯಲ್ಲೇ ಹುಟ್ಟಿದೆ. ಹಿಂತಿರುಗಿ ಬಂದವರು ಬೇರೇನಾದರೂ ಆಗಿಬಿಡಬಹುದಿತ್ತು. ಕೊಡುವವರು ಯಾರೂ ಇಲ್ಲದಾಗಲೂ, ಕಳೆದುಕೊಳ್ಳುವುದಷ್ಟೇ ಉಳಿದಾಗಲೂ, ಬಿಡದೆ ಹಿಡಿದುಕೊಂಡದ್ದೂ ಸೆಳೆತವೇ ತಾನೇ?

ಅತ್ತೂರಿನ ಮೊದಲ ಇಗರ್ಜಿ 1759ರದು. ಸೆರೆಯಿಂದ ಬಂದವರು ಗೋವೆಯಿಂದ ಸಂತ ಲಾರೆನ್ಸರ ಪುಟ್ಟ ಮರದ ವಿಗ್ರಹ ತಂದರಂತೆ. ಇಗರ್ಜಿ ಎಲ್ಲಿ ಕಟ್ಟುವುದೆಂದು ಜಾಗ ಹುಡುಕುತ್ತ ದಣಿದು, ಒರತೆಯ ನೀರು ಕುಡಿಯಲು ಈ ಗುಡ್ಡದ ಕೆಳಗೆ ಇಳಿಸಿದರೆ ವಿಗ್ರಹ ಮತ್ತೆ ಮೇಲೇಳಲಿಲ್ಲವಂತೆ. ಇಲ್ಲೇ ಕಟ್ಟುತ್ತೇವೆ ಎಂದು ಬೇಡಿಕೊಂಡ ಮೇಲೆ ಹೂವಿನಷ್ಟು ಹಗುರವಾಯಿತಂತೆ. ನಮ್ಮ ಎಷ್ಟು ಊರುಗಳ ದೇವರು ಹೀಗೇ ನಡುದಾರಿಯಲ್ಲಿ ‘ಇಲ್ಲೇ ಇರುತ್ತೇನೆ’ ಎಂದು ಕೂತಿಲ್ಲ! ರೋಮಿನ ಸಂತ ತುಳುನಾಡಿನ ದೇವರ ರೀತಿ ಕಲಿತುಕೊಂಡೇ ಇಲ್ಲಿ ನೆಲೆಯಾದ. 2016ರಲ್ಲಿ ಇದಕ್ಕೆ ಬಸಿಲಿಕದ ಪದವಿ ಬಂತು. ಊರವರ ಬಾಯಲ್ಲಿ ಜಾತ್ರೆ ಮಾತ್ರ ‘ಸಾಂತುಮಾರಿ’ಯೇ.

ಬಸ್ಸಿಳಿದ ಕೂಡಲೇ ಜಾತ್ರೆ ಮೈಮೇಲೆ ಬಂತು. ಬಳೆ, ಕಬ್ಬು, ಚರುಮುರಿ, ಪ್ಲಾಸ್ಟಿಕ್ ಆಟಿಕೆ, ಐಸ್‌ಕ್ರೀಮು, ಧ್ವನಿವರ್ಧಕದಲ್ಲಿ ಕೊಂಕಣಿ ಪ್ರಾರ್ಥನೆ. ಸಾಲಿನಲ್ಲಿ ನಮ್ಮ ಮುಂದೆ ಕುಂಕುಮವಿಟ್ಟ ಹೆಂಗಸರು, ಟೋಪಿ ಹಾಕಿದ ಅಜ್ಜ, ಹೆಗಲ ಮೇಲೆ ಮಗು ಕೂರಿಸಿಕೊಂಡ ತಂದೆ, ಎಲ್ಲರ ಕೈಯಲ್ಲೂ ಮೊಂಬತ್ತಿ. ಪಕ್ಕದಲ್ಲಿದ್ದ ಬೆಳ್ತಂಗಡಿಯ ಹೆಂಗಸೊಬ್ಬರು ತಾವಾಗಿಯೇ ಮಾತಿಗೆ ಬಂದರು. ಮಗಳಿಗೆ ಮಗುವಾಗಲಿ ಎಂದು ಹೋದ ವರ್ಷ ಹೇಳಿಕೊಂಡಿದ್ದರಂತೆ, ಈಗ ಐದು ತಿಂಗಳು. ‘ನಾವು ಹಿಂದೂಗಳು ಮಾರಾಯ್ರೆ, ಆದರೆ ಜನವರಿಗೆ ಇಲ್ಲಿಗೆ ಬರದೆ ಉಂಟಾ? ದೀಪಕ್ಕೆ ಧರ್ಮಸ್ಥಳ, ಕೋಲಕ್ಕೆ ಮನೆ ದೈವ, ಮೊಂಬತ್ತಿಗೆ ಅತ್ತೂರು’ ಎಂದರು. ಅವರ ಮನಸ್ಸಿನಲ್ಲಿ ಎಲ್ಲೂ ಬಿರುಕಿರಲಿಲ್ಲ. ನನ್ನ ತಂಗಿಯಂತೆ ಹೊಸಿಲು ದಾಟಿದವರನ್ನು ಊರು ಲೆಕ್ಕ ಹಾಕಿ ಇಡುತ್ತದೆ. ವರ್ಷವರ್ಷವೂ ಬಾಗಿಲವರೆಗೆ ಬಂದು, ಕೈಮುಗಿದು, ದೀಪ ಹಚ್ಚಿ, ತಮ್ಮ ಮನೆಗೆ ಹೋಗುವ ಇಂಥವರ ಲೆಕ್ಕ ಯಾವ ಪುಸ್ತಕದಲ್ಲೂ ಸಿಗದು. ಅವರದೂ ಒಂದು ಸೆಳೆತ, ಅದನ್ನು ಕಡಿಮೆಯದೆಂದು ನಾನು ಎಣಿಸುವುದಿಲ್ಲ.

ಸಾಲು ಆಮೆಯಂತೆ ಸಾಗುತ್ತಿದ್ದಾಗ ತಂಗಿ ಲಾರೆನ್ಸರ ಕತೆ ಹೇಳಿದಳು. ಮೂರನೆಯ ಶತಮಾನದ ರೋಮ್, ಅವರು ಅಲ್ಲಿನ ಧರ್ಮಸಭೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಸೇವಕ. ಚಕ್ರವರ್ತಿ ವಲೇರಿಯನ್ನನ ಕಾಲದಲ್ಲಿ ಕ್ರೈಸ್ತರ ಮೇಲೆ ಹಿಂಸೆ ನಡೆದಾಗ, ಧರ್ಮಸಭೆಯ ಸಂಪತ್ತೆಲ್ಲ ತಂದೊಪ್ಪಿಸು ಎಂದು ನಗರಾಧಿಕಾರಿ ಆಜ್ಞೆ ಮಾಡಿದ. ಮೂರು ದಿನ ಗಡುವು ಕೇಳಿದ ಲಾರೆನ್ಸ್ ಇದ್ದದ್ದನ್ನೆಲ್ಲ ಹಂಚಿ, ಮೂರನೆಯ ದಿನ ಊರಿನ ಬಡವರನ್ನು, ಕುರುಡರನ್ನು, ಕುಂಟರನ್ನು, ವಿಧವೆಯರನ್ನು ಸಾಲಾಗಿ ತಂದು ನಿಲ್ಲಿಸಿ, ನಮ್ಮ ಸಂಪತ್ತು ಇದೇ ಎಂದರಂತೆ. ಕೆಂಡದ ಮೇಲೆ ಕಬ್ಬಿಣದ ಜಾಲರಿಯಿಟ್ಟು ಅವರನ್ನು ಸುಟ್ಟರೆಂದು ಪರಂಪರೆ ಹೇಳುತ್ತದೆ. ಅದು 258ನೇ ಇಸವಿ.

‘ವಿಧವೆಯರು’ ಎಂಬಲ್ಲಿ ಅವಳ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ನನಗೆ ಮಾತ್ರ ಉಗ್ರಾಣದ ಬಾಗಿಲು ಕಣ್ಣೆದುರು ನಿಂತಿತು. ಒಬ್ಬ ಉಗ್ರಾಣದವನು ವಿಧವೆಯರನ್ನು ಅರಮನೆಯ ಮುಂಬಾಗಿಲಿಗೆ ಕರೆತಂದಿದ್ದ. ನಾನು ನನ್ನ ಮನೆಯ ವಿಧವೆಯನ್ನು ಮಂಟಪದಿಂದ ಉಗ್ರಾಣಕ್ಕೆ ಕಳಿಸಿದ್ದೆ.

ಒಳಗೆ ವಿಗ್ರಹದ ಮುಂದೆ ನಿಲ್ಲಲು ಸಿಕ್ಕಿದ್ದು ಅರೆಗಳಿಗೆ. ಸ್ವಯಂಸೇವಕರು ‘ಮುಂದೆ, ಮುಂದೆ’ ಎನ್ನುತ್ತಿದ್ದರು. ತಂಗಿ ಕಣ್ಣು ಮುಚ್ಚಿ ಏನು ಹೇಳಿಕೊಂಡಳೋ ಕೇಳಲಿಲ್ಲ. ನಾನೂ ಕೈ ಮುಗಿದೆ. ಹೊರಗೆ ಮೊಂಬತ್ತಿ ಹಚ್ಚುವ ಕಡೆ ಝಳ ಮುಖಕ್ಕೆ ಹೊಡೆಯುತ್ತಿತ್ತು. ನೂರಾರು ಬತ್ತಿಗಳ ಮೇಣ ಕರಗಿ, ಕೆಂಪು ಬಿಳಿ ಹಳದಿ ಒಂದರೊಳಗೊಂದು ಕಲೆತು ಹರಿಯುತ್ತಿತ್ತು. ಆಮೇಲೆ ಕೆರೆಯ ಮೆಟ್ಟಿಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆವು. ಅವಳು ಪುಟ್ಟ ಬಾಟಲಿಯಲ್ಲಿ ನೀರು ತುಂಬಿ ನನ್ನ ಚೀಲಕ್ಕೆ ಹಾಕಿದಳು. ‘ಅತ್ತಿಗೆಗೆ ಮಂಡಿ ನೋವಲ್ಲ, ಹಚ್ಚಲಿ. ಬೇಡ ಅಂದ್ರೆ ಗಿಡಕ್ಕೆ ಹಾಕು.’

ಆ ಚೀಲದಲ್ಲಿ ಮೂರು ದಿನದಿಂದ ಒಂದು ಲಕೋಟೆ ಇತ್ತು. ಅರಿಶಿನ ಹಚ್ಚಿದ ಅಂಚು ಬೆವರಿಗೆ ಮಸುಕಾಗಿತ್ತು. ಕಾರ್ಕಳದ ಬಸ್ ನಿಲ್ದಾಣದಲ್ಲಿ ಉಜಿರೆ ಬಸ್ಸಿಗೆ ಕಾಯುತ್ತ ಅದನ್ನು ತೆಗೆದು ಅವಳ ಕೈಗೆ ಕೊಟ್ಟೆ. ಮಗನ ಮದುವೆ, ವೈಶಾಖದಲ್ಲಿ. ಅವಳು ಓದಿದಳು, ಹೆಸರುಗಳ ಮೇಲೆ ಬೆರಳಾಡಿಸಿದಳು.

‘ಕಳಶಗಿತ್ತಿ ನೀನೇ ಆಗಬೇಕು’ ಎಂದೆ.

ಅವಳು ಲಕೋಟೆಯನ್ನು ಮಡಿಸಿದಳು, ಬಿಡಿಸಿದಳು. ‘ಭಟ್ಟರು ಒಪ್ಪಿದ್ದಾರಾ?’

‘ಕೇಳಿಲ್ಲ.’

‘ಅತ್ತಿಗೆ?’

‘ಹೊರಡೋ ಹೊತ್ತಿಗೆ ಅವಳೇ ಲಕೋಟೆಗೆ ಅರಿಶಿನ ಹಚ್ಚಿ ಕೊಟ್ಟಿದ್ದು.’

ಉಜಿರೆ ಬಸ್ಸು ಬಂತು. ಕಂಡಕ್ಟರು ಊರುಗಳ ಹೆಸರು ಕೂಗುತ್ತ ಬಾಗಿಲು ಬಡಿಯುತ್ತಿದ್ದ. ನಾನು ಹತ್ತಿ ಕಿಟಕಿ ಪಕ್ಕ ಕೂತೆ. ಅವಳು ಕೆಳಗೆ ನಿಂತು ಬೆರಳು ಮಡಿಸಿ ಏನೋ ಎಣಿಸುತ್ತಿದ್ದಳು. ಬಸ್ಸು ಅಲುಗಿದಾಗ ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೆ ನಡೆದಳು. ‘ಅಷ್ಟೊತ್ತಿಗೆ ಪಾಸ್ಕ ಮುಗಿದಿರುತ್ತೆ ಅಣ್ಣಯ್ಯ, ಉಪವಾಸದ ತೊಂದ್ರೆ ಇಲ್ಲ’ ಎಂದಳು. ‘ಸೀರೆ ಯಾವ ಬಣ್ಣ ಅಂತ ಅತ್ತಿಗೆ ಹತ್ರ ಫೋನ್ ಮಾಡ್ಸು.’